ಪಾರ್ಕಿಂಗ್ ದಂಡ: ಕಟ್ಟೋದಾ, ಪ್ರಶ್ನೆ ಮಾಡೋದಾ?

ಸೆಪ್ಟೆಂಬರ್ ಮೊದಲ ವಾರ ತುಮಕೂರಿನಿಂದ ಅಪ್ಪನ ಫೋನ್ ಬಂತು. ಸಾಮಾನ್ಯವಾಗಿ ಅಪ್ಪ ಮಾತಾಡೋದು ಭಾನುವಾರ, ಅದೂ ಅಮ್ಮನ ಮಾತೆಲ್ಲ ಮುಗಿದ ಮೇಲೆ ಎರಡು ನಿಮಿಷ. ಅವತ್ತು ವಾರದ ಮಧ್ಯೆ, ನಾನು ಲ್ಯಾಬ್‌ನಲ್ಲಿದ್ದೆ. "ಏನೋ, ಗಾಡಿ ಎಲ್ಲೆಲ್ಲಿ ನಿಲ್ಲಿಸ್ತೀಯ ನೀನು? ನನ್ನ ಫೋನಿಗೆ ಟ್ರಾಫಿಕ್ ಪೊಲೀಸ್ ಮೆಸೇಜ್ ಬಂದಿದೆ. ಒಂದಲ್ಲ, ಎರಡು" ಅಂದ್ರು. ಸ್ಕೂಟರ್ ಅಪ್ಪನ ಹೆಸರಲ್ಲಿದೆ, ಆರ್‌ಸಿಯಲ್ಲಿರೋದು ಅವರ ನಂಬರ್. ಹಾಗಾಗಿ ಬೆಂಗಳೂರಲ್ಲಿ ನಾನು ಮಾಡಿದ್ದೆಲ್ಲ ಮೊದಲು ತುಮಕೂರಿಗೆ ಗೊತ್ತಾಗುತ್ತೆ.

ನನ್ನ ಮೊದಲ ಉತ್ತರ ಎಲ್ಲರದ್ದೇ: "ಅಪ್ಪ, ಅದು ಸುಳ್ಳು ಕೇಸ್. ನಾನು ಕಟ್ಟಲ್ಲ." ಎರಡು ಚಲನ್ ಸೇರಿದ್ರೆ ನನ್ನ ಎರಡು ತಿಂಗಳ ಪೆಟ್ರೋಲ್ ದುಡ್ಡು. ಅಪ್ಪ ಜಾಸ್ತಿ ಏನೂ ಹೇಳಲಿಲ್ಲ. "ಸುಳ್ಳು ಅಂದ್ರೆ ಹೇಗೆ ಸುಳ್ಳು ಅಂತ ಬರೆದು ಕಳಿಸು. ಕೋರ್ಟಿಗೆ ಹೋಗಬೇಕಾದ್ರೆ ಹೋಗೋದು ನಾನು" ಅಂದ್ರು ಅಷ್ಟೇ.

ಆ ರಾತ್ರಿ ಬರೆಯೋಕೆ ಕೂತೆ. ಎರಡರಲ್ಲಿ ಒಂದಕ್ಕೆ ಬರೆಯೋಕೆ ಏನೂ ಇರಲಿಲ್ಲ. ಇನ್ನೊಂದಕ್ಕೆ ಒಂದು ಪುಟ ಆಯ್ತು. ನಮ್ಮ ಕಾಲೇಜಿನಲ್ಲಿ ಗಾಡಿ ಇರೋರಿಗೆಲ್ಲ ಒಂದಲ್ಲ ಒಂದು ದಿನ ಇದು ಬರೋದೇ. ಅದಕ್ಕೆ ನಾನು ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ.

ಎಲ್ಲಕ್ಕಿಂತ ಮುಂಚೆ, ಬಂದಿರೋ ಮೆಸೇಜ್ ಅಸಲಿನಾ ಅಂತ ನೋಡಬೇಕು. ಟ್ರಾಫಿಕ್ ಚಲನ್ ಹೆಸರಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಕಳಿಸಿ, ಅದನ್ನ ಇನ್‌ಸ್ಟಾಲ್ ಮಾಡಿದವರ ಬ್ಯಾಂಕ್ ಖಾತೆ ಖಾಲಿ ಮಾಡೋ ಮೋಸ ಈಗ ತುಂಬಾ ನಡೀತಿದೆ. ಈ ಮೆಸೇಜ್‌ಗಳು ಹೋಗೋದು ಹೆಚ್ಚಾಗಿ ಅಪ್ಪ ಅಮ್ಮಂದಿರ ಫೋನಿಗೆ, ಯಾಕಂದ್ರೆ ಗಾಡಿ ಅವರ ಹೆಸರಲ್ಲಿರುತ್ತೆ. ಯಾವ ಪೊಲೀಸರೂ ಚಲನ್ ತೋರಿಸೋಕೆ ಆಪ್ ಫೈಲ್ ಕಳಿಸಲ್ಲ. ಮೆಸೇಜ್‌ನಲ್ಲಿರೋ ಲಿಂಕ್ ಒತ್ತಬೇಡಿ. ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಸೈಟ್, ಇಲ್ಲಾ ಬೆಂಗಳೂರು ಟ್ರಾಫಿಕ್ ಪೊಲೀಸರ ಸೈಟ್, ಇವನ್ನ ನೀವೇ ಟೈಪ್ ಮಾಡಿ ತೆಗೆದು ಗಾಡಿ ನಂಬರ್ ಹಾಕಿ ನೋಡಿ. ಚಲನ್ ನಿಜವಾಗಿದ್ರೆ ಅಲ್ಲಿ ಇದ್ದೇ ಇರುತ್ತೆ. ಅಪ್ಪನ ಹತ್ರ ನಾನು ಮೊದಲು ಕೇಳಿದ್ದೂ "ಏನಾದ್ರೂ ಒತ್ತಿದ್ರಾ?" ಅಂತಾನೇ. ಒತ್ತಿರಲಿಲ್ಲ, ಸದ್ಯ.

ಎರಡೂ ನಿಜವಾದ ಚಲನ್‌ಗಳೇ. ಎರಡಕ್ಕೂ ಫೋಟೋ ಇತ್ತು.

ಇಲ್ಲಿ ಒಂದು ವಿಷಯ ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ. ಚಲನ್ ಅಂದ್ರೆ ಶಿಕ್ಷೆ ಅಲ್ಲ, ಆರೋಪ. "ನೀವು ಈ ತಪ್ಪು ಮಾಡಿದ್ದೀರಿ ಅಂತ ನಾವು ಹೇಳ್ತಿದ್ದೀವಿ" ಅಂತ ಪೊಲೀಸರು ಬರೆದ ಚೀಟಿ. ನಾವು ದುಡ್ಡು ಕಟ್ಟಿದ್ರೆ ಆ ಆರೋಪವನ್ನ ರಾಜಿ ಮಾಡ್ಕೊಂಡ ಹಾಗೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200 ಈ ರಾಜಿಗೆ ಅವಕಾಶ ಕೊಡುತ್ತೆ. ಯಾವ ತಪ್ಪಿಗೆ ಎಷ್ಟು ಕಟ್ಟಿಸಿಕೊಳ್ಳಬಹುದು, ಯಾವ ದರ್ಜೆಯ ಅಧಿಕಾರಿ ಕಟ್ಟಿಸಿಕೊಳ್ಳಬಹುದು ಅನ್ನೋದನ್ನ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ತಿಳಿಸುತ್ತೆ. ರಾಜಿ ಬೇಡ ಅಂದ್ರೆ ವಿಷಯ ಮ್ಯಾಜಿಸ್ಟ್ರೇಟ್ ಹತ್ರ ಹೋಗುತ್ತೆ. ಅಂದ್ರೆ "ಕಟ್ಟಲ್ಲ" ಅನ್ನೋದು ಪೊಲೀಸರ ಜೊತೆ ಜಗಳ ಅಲ್ಲ, "ಇದನ್ನ ಕೋರ್ಟ್ ತೀರ್ಮಾನಿಸಲಿ" ಅನ್ನೋ ಒಂದು ಆಯ್ಕೆ. ಆ ಆಯ್ಕೆ ನಿಮಗೆ ಮೊದಲಿಂದ ಇದೆ. ಆದ್ರೆ ಅದಕ್ಕೆ ಖರ್ಚೂ ಇದೆ, ಅದರ ಮಾತು ಆಮೇಲೆ.

ನಾನು ಪಿಜಿಯಲ್ಲಿ ನಾಲ್ಕು ಜನರ ಹತ್ರ ಈ ವಿಷಯ ಎತ್ತಿದೆ. ನಾಲ್ಕೂ ಜನ "ಫೈಟ್ ಮಾಡು ಮಗಾ" ಅಂದ್ರು. ಯಾಕೆ ಅಂತ ಕೇಳಿದ್ರೆ ಬಂದ ಕಾರಣಗಳು: ಅಲ್ಲಿ ಎಲ್ಲರೂ ನಿಲ್ಲಿಸ್ತಾರೆ, ಅವರಿಗೆ ಯಾಕೆ ಹಾಕಿಲ್ಲ? ಐದೇ ನಿಮಿಷ ಅಲ್ವಾ ನಿಲ್ಲಿಸಿದ್ದು? ಪಾರ್ಕಿಂಗ್ ಜಾಗ ಕೊಡದೆ ದಂಡ ಹಾಕೋದು ಯಾವ ನ್ಯಾಯ? ಬೆಂಗಳೂರಲ್ಲಿ ಒಂದು ಕೋಟಿಗೂ ಹೆಚ್ಚು ವಾಹನ ನೋಂದಣಿಯಾಗಿವೆ, ಅಷ್ಟಕ್ಕೂ ನಿಲ್ಲೋಕೆ ಜಾಗ ಎಲ್ಲಿದೆ?

ಈ ಮಾತುಗಳಲ್ಲಿ ಸತ್ಯ ಇಲ್ಲ ಅಂತಲ್ಲ. ಕೊನೆಯದು ನನಗೂ ನೂರಕ್ಕೆ ನೂರು ಸರಿ ಅನ್ನಿಸುತ್ತೆ. ಆದ್ರೆ ಇವ್ಯಾವುದೂ ಚಲನ್‌ಗೆ ಉತ್ತರ ಅಲ್ಲ. ಮ್ಯಾಜಿಸ್ಟ್ರೇಟ್ ಕೇಳೋ ಪ್ರಶ್ನೆ ಒಂದೇ: ಆ ಗಾಡಿ, ಆ ಹೊತ್ತಿಗೆ, ಆ ಜಾಗದಲ್ಲಿ ನಿಂತಿದ್ದು ನಿಯಮಕ್ಕೆ ವಿರುದ್ಧವಾ, ಅಲ್ವಾ? ಪಕ್ಕದ ಹತ್ತು ಗಾಡಿಗೆ ಚಲನ್ ಬಿದ್ದಿಲ್ಲ ಅನ್ನೋದರಿಂದ ನಮ್ಮ ಗಾಡಿ ನಿಂತ ಜಾಗ ಸರಿ ಆಗಲ್ಲ. ನಿಯಮ ಕೆಟ್ಟದಾಗಿದ್ರೆ ಅದಕ್ಕೆ ಕಾರ್ಪೊರೇಟರ್, ಪತ್ರಿಕೆ, ಚುನಾವಣೆ ಎಲ್ಲ ಇದೆ. ಒಂದು ಸ್ಕೂಟರ್ ಚಲನ್ ಅದಕ್ಕೆ ಸರಿಯಾದ ಜಾಗ ಅಲ್ಲ. ಹಾಗಾಗಿ "ಇದು ಅನ್ಯಾಯ", "ಇದು ತಪ್ಪು" ಅನ್ನೋ ಎರಡು ಮಾತನ್ನ ಬೇರೆ ಬೇರೆ ಮಾಡಿ ಇಟ್ಕೊಳ್ಳಿ. ಎರಡನೇ ಮಾತು ಹೇಳೋಕೆ ಆದ್ರೆ ಮಾತ್ರ ಮುಂದೆ ಹೋಗಿ.

ಈ ಜರಡಿಯಲ್ಲಿ ನನ್ನ ಮೊದಲ ಚಲನ್ ನಿಲ್ಲಲೇ ಇಲ್ಲ.

ಅದು ಜೆರಾಕ್ಸ್ ಅಂಗಡಿ ಮುಂದಿಂದು. ಅಸೈನ್‌ಮೆಂಟ್ ಪ್ರಿಂಟ್ ತಗೊಳ್ಳೋಕೆ ನಿಲ್ಲಿಸಿದ್ದೆ. ನನ್ನ ವಾದ ಏನಂದ್ರೆ ಆ ರಸ್ತೆಯಲ್ಲಿ ಎಲ್ಲೂ ನೋ ಪಾರ್ಕಿಂಗ್ ಬೋರ್ಡೇ ಇಲ್ಲ. ಮಾರನೇ ದಿನ ಹೋಗಿ ಆ ತುದಿಯಿಂದ ಈ ತುದಿವರೆಗೆ ನಡೆದು ನೋಡಿದೆ, ನಿಜವಾಗ್ಲೂ ಇಲ್ಲ. ಗೆದ್ದೆ ಅಂದ್ಕೊಂಡು ಸೈಟಿನಲ್ಲಿರೋ ಫೋಟೋ ದೊಡ್ಡದು ಮಾಡಿದೆ. ನನ್ನ ಸ್ಕೂಟರ್‌ನ ಮುಂದಿನ ಚಕ್ರ ಫುಟ್‌ಪಾತ್ ಮೇಲಿದೆ. ಅರ್ಧ ಗಾಡಿ ಫುಟ್‌ಪಾತ್ ಮೇಲೆ, ಅರ್ಧ ಕೆಳಗೆ. ಫೋಟೋದ ಒಂದು ಮೂಲೆಯಲ್ಲಿ ಒಬ್ಬ ಅಜ್ಜಿ ಕೈಚೀಲ ಹಿಡ್ಕೊಂಡು ರಸ್ತೆಗೆ ಇಳೀತಿದ್ದಾರೆ.

ಬೋರ್ಡ್ ಇದ್ರೆ ಮಾತ್ರ ನೋ ಪಾರ್ಕಿಂಗ್ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಅದು ತಪ್ಪು. ಕೆಲವು ಜಾಗಗಳಲ್ಲಿ ಬೋರ್ಡ್ ಇರಲಿ ಬಿಡಲಿ ನಿಲ್ಲಿಸೋ ಹಾಗಿಲ್ಲ ಅಂತ ವಾಹನ ಚಾಲನೆಯ ನಿಯಮಗಳೇ ಹೇಳ್ತವೆ. ಮೊದಲು 1989ರ ರಸ್ತೆ ನಿಯಮಗಳಿದ್ದವು, ಈಗ ಅವುಗಳ ಜಾಗದಲ್ಲಿ 2017ರ ಚಾಲನಾ ನಿಯಮಗಳಿವೆ. ಫುಟ್‌ಪಾತ್, ಜೀಬ್ರಾ ಕ್ರಾಸಿಂಗ್, ಜಂಕ್ಷನ್, ತಿರುವು, ಬಸ್ ಸ್ಟಾಪ್, ಬೇರೆಯವರ ಗೇಟ್ ಮುಂದೆ, ನಿಂತಿರೋ ಗಾಡಿಯ ಪಕ್ಕಕ್ಕೆ ಇನ್ನೊಂದು ಸಾಲಾಗಿ, ಇಲ್ಲೆಲ್ಲ ಬೋರ್ಡ್ ಬೇಕಾಗಿಲ್ಲ. ಸ್ವಲ್ಪ ಯೋಚಿಸಿದ್ರೆ ಅದು ಸಹಜ ಕೂಡ. ಊರಿನ ಪ್ರತಿ ಗೇಟಿಗೂ ಸರ್ಕಾರ ಬೋರ್ಡ್ ಹಾಕೋಕಾಗುತ್ತಾ?

ಅಜ್ಜಿ ಇರೋ ಫೋಟೋ ಮುಂದೆ ಇಟ್ಕೊಂಡು ಅಪ್ಪನಿಗೆ ಏನು ಬರೀಲಿ? ಅದನ್ನ ಆ ರಾತ್ರಿಯೇ ಆನ್‌ಲೈನ್‌ನಲ್ಲಿ ಕಟ್ಟಿದೆ. ರಸೀದಿ ಸೇವ್ ಮಾಡಿಟ್ಟೆ. ಕಟ್ಟಿದ ಮೇಲೂ ಬಾಕಿ ತೋರಿಸಿದ್ರೆ ಬೇಕಾಗುತ್ತೆ ಅಂತ.

ಎರಡನೇದು ಬೇರೆ ಕಥೆ.

ನಮ್ಮ ಪಿಜಿಯಲ್ಲಿ ಒಳಗೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಎಲ್ಲರೂ ರಸ್ತೆಯಲ್ಲೇ. ಆ ರಸ್ತೆಯಲ್ಲಿ ದಿನ ಬಿಟ್ಟು ದಿನ ಪಾರ್ಕಿಂಗ್. ಬೆಂಗಳೂರಲ್ಲಿ ತುಂಬಾ ಕಡೆ ನೋಡಿರ್ತೀರಿ: ಒಂದು ಬದಿ ಸಮ ದಿನಾಂಕಗಳಂದು, ಇನ್ನೊಂದು ಬದಿ ಬೆಸ ದಿನಾಂಕಗಳಂದು. ಇಡೀ ಶಾಲೆ ಇಂಗ್ಲಿಷ್ ಮೀಡಿಯಂನಲ್ಲಿ ಕಳೆದ ನನಗೆ ಸಮ ಯಾವುದು ಬೆಸ ಯಾವುದು ಅಂತ ಮೊದಲ ಸೆಮಿಸ್ಟರ್‌ನಲ್ಲಿ ರೂಮ್‌ಮೇಟ್ ಹೇಳಿಕೊಡಬೇಕಾಯ್ತು. ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಮಾಸಿ ಹೋಗಿತ್ತು, ಕನ್ನಡ ಮಾತ್ರ ಉಳಿದಿತ್ತು. (ಕನ್ನಡ ಸಂಘಕ್ಕೆ ನಾನು ಸೇರಿದ್ದಕ್ಕೆ ಇದೂ ಒಂದು ಕಾರಣ ಅಂತ ಹೇಳಿದ್ರೆ ಸಂಪಾದಕರು ಬೇಜಾರು ಮಾಡ್ಕೋಬಾರದು.)

ಆಗಸ್ಟ್ 31ರ ರಾತ್ರಿ ನಾನು ಗಾಡಿಯನ್ನ ಬೆಸ ಬದಿಯಲ್ಲಿ ನಿಲ್ಲಿಸಿದೆ. 31 ಬೆಸ, ಸರಿ. ಮಾರನೇ ದಿನ ಬೆಳಿಗ್ಗೆ ತೆಗೆಯಲಿಲ್ಲ. ಸೆಪ್ಟೆಂಬರ್ 1. ಅದೂ ಬೆಸ! 31 ದಿನ ಇರೋ ತಿಂಗಳು ಮುಗಿದಾಗ ಎರಡು ಬೆಸ ದಿನ ಬೆನ್ನು ಬೆನ್ನಿಗೆ ಬರುತ್ತೆ. ವರ್ಷಕ್ಕೆ ಏಳು ಸಲ. ಲೀಪ್ ವರ್ಷದಲ್ಲಿ ಫೆಬ್ರವರಿ 29 ಸೇರಿ ಎಂಟು ಸಲ. ಆ ದಿನಗಳಲ್ಲಿ ಬದಿ ಬದಲಾಗಲ್ಲ. ಆದ್ರೆ ರಸ್ತೆಯ ಜನ ದಿನಾಂಕ ನೋಡಲ್ಲ, ಅಭ್ಯಾಸ ನೋಡ್ತಾರೆ. ನಿನ್ನೆ ಈ ಕಡೆ, ಇವತ್ತು ಆ ಕಡೆ. ಎಲ್ಲರೂ ಎದುರು ಬದಿಗೆ ಹೋಗಿದ್ದಾರೆ, ನನ್ನ ಸ್ಕೂಟರ್ ಒಂದೇ ಈ ಕಡೆ ಒಂಟಿಯಾಗಿ ನಿಂತಿದೆ. ಚಲನ್ ಹಾಕಿದವರ ಕಣ್ಣಿಗೂ ಅದೇ ತಪ್ಪಾಗಿ ಕಂಡಿರಬೇಕು. ಅವರನ್ನ ಬೈಯೋಕೆ ಮನಸ್ಸು ಬರಲ್ಲ. ನೂರು ಗಾಡಿ ಒಂದು ಕಡೆ, ಒಂದು ಗಾಡಿ ಇನ್ನೊಂದು ಕಡೆ ಇದ್ರೆ ನಾನೂ ಆ ಒಂದಕ್ಕೇ ಹಾಕ್ತಿದ್ದೆ.

ಫೋಟೋದಲ್ಲಿ ದಿನಾಂಕ ಸೆಪ್ಟೆಂಬರ್ 1, ಬೆಳಿಗ್ಗೆ ಹತ್ತರ ಸುಮಾರು. ಅಂದ್ರೆ ಪೊಲೀಸರ ಫೋಟೋವೇ ನನ್ನ ಸಾಕ್ಷಿ. ನನಗೆ ಬೇಕಾಗಿದ್ದು ಇನ್ನೊಂದೇ ತುಂಡು: ಆ ಬದಿಯ ಬೋರ್ಡಿನ ಫೋಟೋ, ಅದು ನನ್ನ ಗಾಡಿ ನಿಂತಿದ್ದ ಜಾಗಕ್ಕೆ ಅನ್ವಯಿಸುತ್ತೆ ಅಂತ ತೋರಿಸೋ ಹಾಗೆ.

ಈ ಬೋರ್ಡ್ ಫೋಟೋ ತೆಗೆಯೋದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಪಾರ್ಕಿಂಗ್ ಕೇಸಿನಲ್ಲಿ ಹೆಚ್ಚು ಕಡಿಮೆ ಎಲ್ಲ ನಿಂತಿರೋದು ಇದರ ಮೇಲೆ. ನೋ ಪಾರ್ಕಿಂಗ್ ಬೋರ್ಡ್ ಅಂದ್ರೆ ನೀಲಿ ವೃತ್ತ, ಕೆಂಪು ಅಂಚು, ಅಡ್ಡಕ್ಕೆ ಒಂದು ಕೆಂಪು ಗೆರೆ. ಎರಡು ಗೆರೆ ಕತ್ತರಿ ಆಕಾರದಲ್ಲಿದ್ರೆ ಅದು ನೋ ಸ್ಟಾಪಿಂಗ್, ಅಲ್ಲಿ ಯಾರನ್ನಾದ್ರೂ ಇಳಿಸೋಕೂ ನಿಲ್ಲಿಸೋ ಹಾಗಿಲ್ಲ. ಇವುಗಳ ಆಕಾರ, ಬಣ್ಣ, ಅಳತೆ ಎಲ್ಲ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 67 ಅನ್ನೋ ಸಂಹಿತೆಯಲ್ಲಿದೆ. ಸಿವಿಲ್‌ನವರು ಇದನ್ನ ಓದೇ ಇರ್ತಾರೆ. ಬೋರ್ಡಿನ ಕೆಳಗೆ ಬಾಣದ ಗುರುತು ಇದ್ರೆ ನಿಷೇಧ ಯಾವ ಕಡೆಗೆ ಅಂತ ಅದು ಹೇಳುತ್ತೆ, ಅದನ್ನ ಬಿಟ್ಟು ಫೋಟೋ ತೆಗೆದ್ರೆ ಪ್ರಯೋಜನ ಇಲ್ಲ. ಬೋರ್ಡನ್ನ ಮರದ ಕೊಂಬೆ ಅಥವಾ ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸ್ ಮುಚ್ಚಿದ್ರೆ, ಗಾಡಿ ನಿಲ್ಲಿಸೋನ ಕಣ್ಣಿನ ಎತ್ತರದಿಂದ ಒಂದು ಫೋಟೋ, ಹತ್ತಿರದಿಂದ ಒಂದು ಫೋಟೋ ತೆಗೀರಿ. ಗಾಡಿ ನಿಂತಿದ್ದ ಜಾಗ ಮತ್ತು ಬೋರ್ಡ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರೋ ಫೋಟೋ ಕಡ್ಡಾಯ. ಹಿನ್ನೆಲೆಯಲ್ಲಿ ಅಂಗಡಿ ಹೆಸರೋ, ಕಂಬದ ನಂಬರೋ ಇದ್ರೆ ಇನ್ನೂ ಒಳ್ಳೇದು. ಚಲನ್ ಗೊತ್ತಾದ ದಿನವೇ ಹೋಗಿ. ಒಂದು ವಾರ ಬಿಟ್ರೆ ಕೊಂಬೆ ಕಡಿದಿರ್ತಾರೆ, ಫ್ಲೆಕ್ಸ್ ಹೋಗಿ ಗಣೇಶನ ಪೆಂಡಾಲ್ ಬಂದಿರುತ್ತೆ.

ಪೊಲೀಸರ ಫೋಟೋವನ್ನೂ ಅಷ್ಟೇ ಗಮನ ಇಟ್ಟು ನೋಡಬೇಕು. ನಂಬರ್ ಪ್ಲೇಟ್ ಪೂರ್ತಿ ಕಾಣುತ್ತಾ, 8 ಅನ್ನ 3 ಅಂತ ಓದಿದ್ದಾರಾ, ಗಾಡಿಯ ಬಣ್ಣ ಮಾಡೆಲ್ ನಿಮ್ಮದೇನಾ. ನಿಮ್ಮ ನಂಬರನ್ನೇ ಬೇರೆ ಯಾರೋ ಹಾಕ್ಕೊಂಡು ಓಡಾಡ್ತಿದ್ರೆ ಅದು ಚಲನ್ ವಿಷಯ ಅಲ್ಲ, ತಕ್ಷಣ ಪೊಲೀಸ್ ದೂರು ಕೊಡಬೇಕಾದ ವಿಷಯ. ಕ್ಯಾಮೆರಾ ಮೂಲಕ ಹಾಕೋ ಚಲನ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ಅನ್ನೋ ನಿಯಮವನ್ನ 2021ರಲ್ಲಿ ಸೇರಿಸಿದ್ದಾರೆ. ನಂಬರ್ ಪ್ಲೇಟ್ ಕಾಣೋ ಫೋಟೋ, ದಿನಾಂಕ, ಸಮಯ, ಜಾಗ, ಯಾವ ಸೆಕ್ಷನ್ ಅನ್ನೋದೆಲ್ಲ ನೋಟಿಸ್‌ನಲ್ಲಿರಬೇಕು ಅಂತ ಅದು ಕೇಳುತ್ತೆ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತಲೂ ಆ ನಿಯಮ ತಂದಾಗ ಹೇಳಿತ್ತು. ಬೆಂಗಳೂರಲ್ಲಿ ಫೋಟೋ ತೆಗೆದವರು ಪೊಲೀಸರೇ ಆಗಿರಬೇಕು ಅಂತಾನೂ ಇಲ್ಲ. 2015ರಲ್ಲಿ ಶುರುವಾದ ಪಬ್ಲಿಕ್ ಐ ಆಪ್ ಮೂಲಕ ಸಾಮಾನ್ಯ ಜನ ಕಳಿಸಿದ ಫೋಟೋ ನೋಡಿಯೂ ಪೊಲೀಸರು ಕ್ರಮ ತಗೊಂಡಿದ್ದಾರೆ.

ಸರಿ, ಎರಡನೇ ಚಲನ್ ತಪ್ಪು, ನನ್ನ ಹತ್ರ ಸಾಕ್ಷಿ ಇದೆ. ಆದ್ರೂ ಪ್ರಶ್ನೆ ಮಾಡೋದು ಲಾಭನಾ?

ನಾವು ಎಂಜಿನಿಯರಿಂಗ್‌ನವರಲ್ವಾ, ಲೆಕ್ಕ ಹಾಕಿಯೇ ಬಿಡೋಣ. ಸೆಕ್ಷನ್ 177 ಅನ್ನೋದು ಬೇರೆ ಶಿಕ್ಷೆ ಹೇಳಿರದ ಸಣ್ಣ ತಪ್ಪುಗಳ ಸಾಮಾನ್ಯ ಸೆಕ್ಷನ್. 2019ರ ತಿದ್ದುಪಡಿಗೆ ಮುಂಚೆ ಅದರಲ್ಲಿ ಮೊದಲ ಸಲಕ್ಕೆ 100 ರೂಪಾಯಿವರೆಗೆ, ಮತ್ತೆ ಮಾಡಿದ್ರೆ 300ರವರೆಗೆ ದಂಡ ಇತ್ತು. ಈಗ 500, 1500. ಲೆಕ್ಕಕ್ಕೆ ದಂಡ 500 ಅಂತ ಇಟ್ಕೊಳ್ಳಿ, ಕೋರ್ಟಲ್ಲಿ ಗೆಲ್ಲೋ ಸಾಧ್ಯತೆ 80 ಪರ್ಸೆಂಟ್ ಅಂತ ಇಟ್ಕೊಳ್ಳಿ. ನಿರೀಕ್ಷಿತ ಲಾಭ 400 ರೂಪಾಯಿ. ಖರ್ಚಿನ ಕಡೆ ಅಪ್ಪನ ಒಂದು ದಿನದ ರಜೆ, ತುಮಕೂರಿಂದ ಬಂದು ಹೋಗೋ ಬಸ್ ಚಾರ್ಜ್, ಊಟ. ವಾಯಿದೆ ಬಿದ್ರೆ ಇದೆಲ್ಲ ಡಬಲ್. ವಕೀಲರನ್ನ ಇಟ್ರೆ ಅವರ ಫೀಸು ದಂಡಕ್ಕಿಂತ ಜಾಸ್ತಿ. ಗೆಲ್ಲೋ ಸಾಧ್ಯತೆ ನೂರಕ್ಕೆ ನೂರು ಅಂತ ಹಾಕಿದ್ರೂ ಲೆಕ್ಕ ನಷ್ಟದಲ್ಲೇ ಇರುತ್ತೆ. ದುಡ್ಡಿನ ಲೆಕ್ಕ ಒಂದನ್ನೇ ಕೇಳಿದ್ರೆ ಅದು ಯಾವಾಗಲೂ "ಕಟ್ಟಿ ಬಿಡು" ಅಂತಾನೇ ಹೇಳುತ್ತೆ. ನೂರಾರು ಜನ ತಪ್ಪು ಚಲನ್ ಕಟ್ಟೋದೂ ಇದಕ್ಕೇ.

ಆದ್ರೆ ಈ ಲೆಕ್ಕದಲ್ಲಿ ಎರಡು ವಿಷಯ ಬಿಟ್ಟುಹೋಗಿದೆ.

ಮೊದಲನೇದು, ಕಟ್ಟಿದ್ರೆ ಅಲ್ಲಿಗೆ ಮುಗೀತು ಅನ್ನೋದು ಪೂರ್ತಿ ನಿಜ ಅಲ್ಲ. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 200ಕ್ಕೆ ಒಂದು ಷರತ್ತು ಸೇರಿಸಿದ್ದಾರೆ. ದುಡ್ಡು ಕಟ್ಟಿ ರಾಜಿ ಮಾಡ್ಕೊಂಡ ತಪ್ಪನ್ನೂ, ಮುಂದೆ ಅದೇ ತಪ್ಪು ಬಂದಾಗ "ಹಿಂದೆ ಮಾಡಿದ್ದು" ಅಂತಲೇ ಲೆಕ್ಕಕ್ಕೆ ತಗೋಬೇಕು ಅಂತ. ಅಂದ್ರೆ ಇವತ್ತು ಬೇಸರಕ್ಕೆ ಕಟ್ಟಿದ ತಪ್ಪು ಚಲನ್ ನಾಳೆಯ ಚಲನ್ ಅನ್ನ 500ರ ಸಾಲಿನಿಂದ 1500ರ ಸಾಲಿಗೆ ದಾಟಿಸಬಹುದು. ನನ್ನ ಹೆಸರಲ್ಲಿ, ಅಲ್ಲ ಅಪ್ಪನ ಹೆಸರಲ್ಲಿ, ಫುಟ್‌ಪಾತ್‌ದು ಆಗ್ಲೇ ಒಂದು ಇತ್ತು.

ಎರಡನೇದು, ಪ್ರಶ್ನೆ ಮಾಡೋದು ಅಂದ್ರೆ ನೇರ ಕೋರ್ಟು ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ. ಕೋರ್ಟಿಗೆ ಮುಂಚೆ ಬಿಟ್ಟಿ ಮೆಟ್ಟಿಲುಗಳಿವೆ. ಇ-ಚಲನ್ ಸೈಟ್‌ನಲ್ಲೇ ದೂರು ಕೊಡೋ ಜಾಗ ಇದೆ. ಚಲನ್ ಹಾಕಿದ ಟ್ರಾಫಿಕ್ ಠಾಣೆಗೆ ಪತ್ರ ಕೊಡಬಹುದು. ಬೆಂಗಳೂರಾದ್ರೆ ಇನ್ಫೆಂಟ್ರಿ ರಸ್ತೆಯಲ್ಲಿ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರ್ ಇದೆ. ಇಲ್ಲಿ ಖರ್ಚು ಒಂದು ಮಧ್ಯಾಹ್ನ ಅಷ್ಟೇ. ಆಗ ಲೆಕ್ಕ ತಿರುಗುತ್ತೆ.

ಹಾಗಾಗಿ ತೀರ್ಮಾನವನ್ನ ಒಂದೇ ಸಲ ಮಾಡಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ, ಕಾಗದದ ಮೇಲೆ ತೋರಿಸೋ ಹಾಗಿರೋ ತಪ್ಪು ಇದ್ರೆ ಬಿಟ್ಟಿ ಮೆಟ್ಟಿಲುಗಳನ್ನ ಹತ್ತಲೇಬೇಕು. ಅಲ್ಲಿ ಆಗದಿದ್ರೆ ಮಾತ್ರ ಕೋರ್ಟಿಗೆ ಹೋಗೋ ಯೋಚನೆ. ತೋರಿಸೋಕೆ ಏನೂ ಇಲ್ಲ, ಬರೀ "ನಾನು ಅಲ್ಲಿರಲಿಲ್ಲ ಸಾರ್" ಅನ್ನೋದಾದ್ರೆ, ಮನಸ್ಸಿಗೆ ಎಷ್ಟೇ ಉರಿದರೂ ಕಟ್ಟೋದು ಒಳ್ಳೇದು.

ಆನ್‌ಲೈನ್ ದೂರಿಗೆ ನನಗೆ ಬಂದ ಉತ್ತರ ಒಂದೇ ಸಾಲು: ಫೋಟೋ ಸ್ಪಷ್ಟವಾಗಿದೆ, ದಂಡ ಪಾವತಿಸಿ. ನಾನು ಬರೆದಿದ್ದು ಉದ್ದ ಆಗಿತ್ತು, ಸಿಟ್ಟೂ ಇತ್ತು. ಫೋಟೋ ಸ್ಪಷ್ಟವಾಗಿದೆ ಅಂತ ನಾನೂ ಹೇಳ್ತಿದ್ದೆ, ಅದೇ ನನ್ನ ಪಾಯಿಂಟು! ಆದ್ರೆ ನಾನು ಅದನ್ನ ಮೂರನೇ ಪ್ಯಾರಾದಲ್ಲಿ ಹೇಳಿದ್ದೆ, ಓದೋರು ಅಷ್ಟು ದೂರ ಬಂದಿರಲಿಲ್ಲ ಅನ್ನಿಸುತ್ತೆ. ಮೊದಲ ಎರಡು ಪ್ಯಾರಾ ಪೂರ್ತಿ ಬೆಂಗಳೂರಿನ ಪಾರ್ಕಿಂಗ್ ಸಮಸ್ಯೆ.

ಠಾಣೆಗೆ ಒಯ್ಯೋ ಪತ್ರ ಅಪ್ಪ ತಿದ್ದಿದ್ರು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಕೆಂಪು ಪೆನ್ನು ಅವರ ಕೈಗೆ ಅಂಟಿಕೊಂಡೇ ಇರುತ್ತೆ. ಕೊನೆಗೆ ಉಳಿದಿದ್ದು ಇಷ್ಟೇ. ಚಲನ್ ಸಂಖ್ಯೆ, ಗಾಡಿ ನಂಬರ್. ದಿನಾಂಕ ಸೆಪ್ಟೆಂಬರ್ 1 ಬೆಸ ಸಂಖ್ಯೆ. ವಾಹನ ನಿಂತಿದ್ದು ಬೆಸ ದಿನಾಂಕದ ನಿಲುಗಡೆಯ ಬದಿಯಲ್ಲಿ, ಫಲಕದ ಫೋಟೋ ಲಗತ್ತಿಸಿದೆ. ಆದ್ದರಿಂದ ಚಲನ್ ರದ್ದುಪಡಿಸಲು ಕೋರುತ್ತೇನೆ. ಕೆಳಗೆ ಅಪ್ಪನ ಸಹಿ. "ಅನ್ಯಾಯ" ಅನ್ನೋ ಪದ ನಾಲ್ಕು ಕಡೆ ಇತ್ತು, ನಾಲ್ಕನ್ನೂ ಹೊಡೆದು ಹಾಕಿದ್ರು.

ಸಹಿ ಅಪ್ಪನದ್ದೇ ಆಗಬೇಕು, ಯಾಕಂದ್ರೆ ನೋಟಿಸ್ ಹೋಗೋದು ಮಾಲೀಕರಿಗೆ. ಗಾಡಿ ಓಡಿಸಿದವರು ಯಾರು ಅಂತ ಪೊಲೀಸರು ಕೇಳಿದ್ರೆ ಮಾಲೀಕರು ಮಾಹಿತಿ ಕೊಡಲೇಬೇಕು, ಸೆಕ್ಷನ್ 133 ಅದನ್ನ ಹೇಳುತ್ತೆ. ಫ್ರೆಂಡ್‌ಗೆ ಗಾಡಿ ಕೊಡೋ ಅಭ್ಯಾಸ ಇರೋರು ಇದನ್ನ ನೆನಪಿಟ್ಕೊಳ್ಳಿ. ಆರ್‌ಸಿ ಪ್ರತಿ, ಅಪ್ಪನ ಗುರುತಿನ ಚೀಟಿಯ ಪ್ರತಿ, "ನನ್ನ ಪರವಾಗಿ ನನ್ನ ಮಗ ಪತ್ರ ಸಲ್ಲಿಸುತ್ತಾನೆ" ಅನ್ನೋ ಒಂದು ಸಾಲು, ಇಷ್ಟು ಕೊರಿಯರ್‌ನಲ್ಲಿ ಬಂತು. ಎಲ್ಲದಕ್ಕೂ ಇನ್ನೊಂದು ಸೆಟ್ ಜೆರಾಕ್ಸ್ ಮಾಡಿಸಿ, ಅದರ ಮೇಲೆ ಠಾಣೆಯ ಸೀಲು ಹಾಕಿಸ್ಕೋಬೇಕು. (ಈ ಸಲ ಜೆರಾಕ್ಸ್ ಅಂಗಡಿಗೆ ನಡ್ಕೊಂಡು ಹೋದೆ.)

ಠಾಣೆಯಲ್ಲಿ ಆಗದೇ ಇದ್ರೆ ಮುಂದೇನು ಅನ್ನೋದನ್ನೂ ಮೊದಲೇ ಓದಿಟ್ಕೊಂಡಿದ್ದೆ. ಕಟ್ಟದೆ ಉಳಿದ ಚಲನ್ ಕೋರ್ಟಿಗೆ ಹೋಗುತ್ತೆ, ಈಗ ಹೆಚ್ಚಾಗಿ ವರ್ಚುವಲ್ ಕೋರ್ಟಿಗೆ. 2019ರಲ್ಲಿ ದೆಹಲಿಯಲ್ಲಿ ಶುರುವಾದ ಈ ವ್ಯವಸ್ಥೆ ಆಮೇಲೆ ಕರ್ನಾಟಕಕ್ಕೂ ಬಂತು. ಸೈಟ್ ತೆಗೆದು ಗಾಡಿ ನಂಬರ್ ಹಾಕಿದ್ರೆ ಕೇಸು, ಪ್ರಸ್ತಾಪಿಸಿದ ದಂಡ ಎರಡೂ ಕಾಣುತ್ತೆ. ಅಲ್ಲೇ ಕಟ್ಟಿ ಮುಗಿಸಬಹುದು, ಇಲ್ಲಾ ಕೇಸ್ ನಡೆಸ್ತೀನಿ ಅಂತ ಆರಿಸಬಹುದು. ನಡೆಸ್ತೀನಿ ಅಂದ್ರೆ ಅದು ವರ್ಚುವಲ್ ಆಗಿ ಉಳಿಯಲ್ಲ, ಆ ಪ್ರದೇಶದ ಮಾಮೂಲಿ ಕೋರ್ಟಿಗೆ ಹೋಗುತ್ತೆ. ಅಲ್ಲಿ ನೀವು ತಪ್ಪಿಲ್ಲ ಅಂತ ಹೇಳ್ತೀರಿ, ತಪ್ಪಿದೆ ಅಂತ ತೋರಿಸೋ ಹೊಣೆ ಪೊಲೀಸರದ್ದು. ಸಣ್ಣ ತಪ್ಪುಗಳಿಗೆ ಖುದ್ದಾಗಿ ಬರದೆ ವಕೀಲರ ಮೂಲಕ ಹಾಜರಾಗೋಕೆ ಸೆಕ್ಷನ್ 208 ಅವಕಾಶ ಕೊಡುತ್ತೆ. ಸೋತ್ರೆ ಮ್ಯಾಜಿಸ್ಟ್ರೇಟ್ ಸೆಕ್ಷನ್‌ನಲ್ಲಿ ಹೇಳಿರೋ ಗರಿಷ್ಠದವರೆಗೆ ದಂಡ ಹಾಕಬಹುದು, ಚಲನ್‌ನಲ್ಲಿದ್ದ ಮೊತ್ತಕ್ಕೇ ಅವರು ಕಟ್ಟು ಬಿದ್ದಿರಲ್ಲ. ಲೋಕ ಅದಾಲತ್ ಅಂತ ಇನ್ನೊಂದು ಹೆಸರು ಕೇಳಿರ್ತೀರಿ. ಅದು ಕಡಿಮೆ ಮಾಡ್ಕೊಂಡು ಮುಗಿಸೋ ಜಾಗ, ನಾನು ಮಾಡಿಲ್ಲ ಅಂತ ಸಾಬೀತು ಮಾಡೋ ಜಾಗ ಅಲ್ಲ.

ಇನ್ನು "ಏನೂ ಮಾಡದೆ ಬಿಟ್ಟು ಬಿಡು, ಆಫರ್ ಬರುತ್ತೆ" ಅನ್ನೋ ಪಂಗಡ. ಇದು ನಮ್ಮ ಪಿಜಿಯಲ್ಲಿ ಬಹುಮತ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಕೊಟ್ಟಾಗ ಸುಮಾರು ಒಂದು ವಾರದಲ್ಲಿ ನೂರು ಕೋಟಿಗೂ ಹೆಚ್ಚು ಸಂಗ್ರಹ ಆಯ್ತು, ಸೈಟ್‌ಗಳೇ ನಿಧಾನ ಆದ್ವು. ಆಮೇಲೂ ಕೆಲವು ಸಲ ರಿಯಾಯಿತಿ ಬಂದಿದೆ. ತಪ್ಪು ಮಾಡಿದೋರಿಗೆ ಅದು ಲಾಭವೇ, ಸುಳ್ಳು ಹೇಳಲ್ಲ. ಆದ್ರೆ ಚಲನ್ ತಪ್ಪು ಅನ್ನೋರಿಗೆ ಕಾಯೋದು ನಷ್ಟ. ಬೋರ್ಡ್ ಬದಲಾಗುತ್ತೆ, ನೆನಪು ಮಾಸುತ್ತೆ, ಚಲನ್‌ನಲ್ಲಿ ಬರೆದಿರೋ ಗಡುವು ಮುಗಿಯುತ್ತೆ, ಆಮೇಲೆ ಅರ್ಧ ದುಡ್ಡಿಗೆ ಮುಗಿಸೋಣ ಅನ್ನೋ ಆಸೆ ಬರುತ್ತೆ. ಮಧ್ಯೆ ಎಲ್ಲಾದ್ರೂ ಪೊಲೀಸರು ಗಾಡಿ ನಿಲ್ಲಿಸಿ ನಂಬರ್ ಒತ್ತಿದ್ರೆ ಬಾಕಿ ಎಲ್ಲ ಅಲ್ಲೇ ಎದ್ದು ಬರುತ್ತೆ. ಗಾಡಿ ಮಾರೋಕೆ ಹೋದ್ರೂ ತಗೊಳ್ಳೋರು ಮೊದಲು ನೋಡೋದು ಅದನ್ನೇ.

ಒಂದು ಶನಿವಾರ ಮಧ್ಯಾಹ್ನ ಠಾಣೆಗೆ ಹೋದೆ. ಅರ್ಧ ಗಂಟೆ ಬೆಂಚಿನ ಮೇಲೆ ಕೂತೆ. ಸಬ್ ಇನ್‌ಸ್ಪೆಕ್ಟರ್ ಪತ್ರ ಓದಿದ್ರು, ಬೋರ್ಡ್ ಫೋಟೋ ನೋಡಿದ್ರು. "ಒಂದನೇ ತಾರೀಕು... ಹಿಂದಿನ ದಿನ ಮೂವತ್ತೊಂದು" ಅಂತ ಬೆರಳು ಮಡಚಿದ್ರು. ಮತ್ತೆ ಒಂದ್ಸಲ ಮಡಚಿದ್ರು. "ಹಂಗಾದ್ರೆ ಅವತ್ತು ಎದುರುಗಡೆ ಸಾಲಲ್ಲಿ ನಿಂತಿದ್ದವರದ್ದೇ ತಪ್ಪು ಅಲ್ವೇನಪ್ಪ?" ಅಂದ್ರು. ಎದುರು ಸಾಲಿನಲ್ಲಿ ನಮ್ಮ ಪಿಜಿಯ ಒಂಬತ್ತು ಗಾಡಿ ಇದ್ವು. ನಾನು ಬಾಯಿ ಬಿಡಲಿಲ್ಲ. ಅವರು ನಕ್ಕು ಪತ್ರದ ಮೇಲೆ ಏನೋ ಬರೆದು, ನನ್ನ ಪ್ರತಿಗೆ ಸೀಲು ಹಾಕಿಸಿ ಕೊಟ್ರು. "ಮೇಲಕ್ಕೆ ಕಳಿಸ್ತೀವಿ, ಒಂದೆರಡು ವಾರ ಬಿಟ್ಟು ನೋಡಿ" ಅಂದ್ರು.

ಹನ್ನೆರಡನೇ ದಿನ ಸೈಟ್‌ನಲ್ಲಿ ಆ ಚಲನ್ ಇರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಫುಟ್‌ಪಾತ್‌ದು ಕಟ್ಟಿದ ರಸೀದಿನೂ ಕಳಿಸು."